ಮುಂಗಡದ ಕೂಲಿ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ದುಡಿಮೆಯ ಚರಿತ್ರೆಯನ್ನು ಸಂಬಳದಿಂದ ಆರಂಭಿಸಿದರೆ ದಾರಿ ತಪ್ಪುತ್ತದೆ. ಆರಂಭಿಸಬೇಕಾದದ್ದು ಮುಂಗಡದಿಂದ. ಮದುವೆಗೋ ಕಾಯಿಲೆಗೋ ಗೌಡರ ಮನೆಯಿಂದ ಹಣ ತಂದವನು ಮಗನನ್ನು ಜೀತಕ್ಕೆ ಬಿಡುತ್ತಿದ್ದ. ಹೊತ್ತಿಗೆ ಮುದ್ದೆ, ವರ್ಷಕ್ಕೆ ಬಟ್ಟೆ, ಚಳಿಗೊಂದು ಕಂಬಳಿ. ವರ್ಷ ತುಂಬಿದಾಗ ಲೆಕ್ಕ ನೋಡಿದರೆ ಅಸಲು ಇದ್ದಲ್ಲೇ ಇರುತ್ತಿತ್ತು. ಆ ಬದುಕಿನ ಒಳಗು ತಿಳಿಯಬೇಕಾದವರು ಗೆಜೆಟಿಯರ್ ಬದಿಗಿಟ್ಟು ದೇವನೂರ ಮಹಾದೇವರ ಕಥೆಗಳನ್ನು ಓದುವುದು ಮೇಲು.

ಎಲ್ಲವೂ ಸಾಲದ ದುಡಿಮೆಯೇ ಆಗಿರಲಿಲ್ಲ. ಸಣ್ಣ ಹಿಡುವಳಿಯವರ ನಡುವೆ ಮುಯ್ಯಾಳು ಇತ್ತು: ಇವತ್ತು ನಮ್ಮ ಹೊಲದ ಕಳೆ, ನಾಳೆ ನಿಮ್ಮದು. ಬೆಳೆಯಲ್ಲಿ ಪಾಲು ಹಂಚಿಕೊಳ್ಳುವ ವಾರವೂ ಇತ್ತು. ಬಿಳಿಗಿರಿರಂಗನ ಬೆಟ್ಟದ ಮೇಲೆ 1880ರ ದಶಕದಿಂದ ಮಾರಿಸ್ ಎಂಬ ಬ್ರಿಟಿಷ್ ಕುಟುಂಬ ಕಾಫಿ ತೋಟ ಎಬ್ಬಿಸಿದಾಗ ಹಾಜರಿ ಪುಸ್ತಕ, ಮೇಸ್ತ್ರಿ, ಲೈನ್‌ಮನೆ ಎಂಬ ಇನ್ನೊಂದು ಪದ್ಧತಿ ಕಾಡಿನೊಳಗೆ ಬಂತು.

ದೊಡ್ಡ ಮುರಿವು ಬಂದದ್ದು 1970ರ ದಶಕದಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿಯನ್ನು ರದ್ದುಮಾಡಿತು. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಜೀತ ನಿರ್ಮೂಲನೆ ಮರುವರ್ಷ ಕಾಯ್ದೆಯಾಯಿತು. ಜೀತದಾಳನ್ನು ಬಿಡಿಸಿದ್ದಷ್ಟೇ ಅಲ್ಲ, ಅವನ ಸಾಲವನ್ನೇ ಅದು ವಜಾ ಮಾಡಿತು. ಇಡೀ ಕಾಯ್ದೆಯ ಜೀವ ಇರುವುದು ಅಲ್ಲಿ. 1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಆ ಅಳತೆಗೋಲನ್ನು ನಮ್ಮ ಹೊಲಗಳಿಗೆ ಇಟ್ಟು ನೋಡಿದವರು ಕಡಿಮೆ.

ಬೆಟ್ಟದ ಕಾಡಿನ ಆದಿವಾಸಿಗಳಾದ ಸೋಲಿಗರ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಬಿಳಿಗಿರಿ ಅಭಯಾರಣ್ಯವಾದ ಮೇಲೆ ಅವರ ಕುಮರಿ ಬೇಸಾಯಕ್ಕೆ ಜಾಗವಿಲ್ಲದಾಯಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಕಲ್ಲುಹೂವು. ಸಂಗ್ರಹಿಸಿ ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಟ್ಟು ಹಣ ಪಡೆಯುವುದು. ಯಜಮಾನನಿಲ್ಲದ ದುಡಿಮೆ ಇದು, ಆದರೆ ಪರವಾನಗಿ ಅರಣ್ಯ ಇಲಾಖೆಯ ಕೈಯಲ್ಲಿತ್ತು. 2006ರ ಹೊತ್ತಿಗೆ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಿದ್ದಾಗ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಅನೇಕರು ಕೊಡಗಿನ ಕಾಫಿ ತೋಟಗಳ ದಾರಿ ಹಿಡಿದರು. ಅಲ್ಲಿ ಕಾದಿದ್ದದ್ದು ಮತ್ತೆ ಮೇಸ್ತ್ರಿ, ಮತ್ತೆ ಮುಂಗಡ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಿದ್ದೂ ಅದೇ ವರ್ಷ.

ಗುಂಡ್ಲುಪೇಟೆಯಲ್ಲಿ ಗಡಿಯೇ ದುಡಿಮೆಯನ್ನು ತಿರುಗಿಸಿತು. ಒಂದು ಕಡೆ ಕೇರಳದ ಸುಲ್ತಾನ್ ಬತ್ತೇರಿ, ಇನ್ನೊಂದು ಕಡೆ ತಮಿಳುನಾಡಿನ ಗೂಡಲೂರು, ಊಟಿ. ಇಲ್ಲಿಯವರು ಅಲ್ಲಿನ ತೋಟಕ್ಕೆ ಹೋದರೆ ಅಲ್ಲಿಯವರು ಇಲ್ಲಿಗೆ ಶುಂಠಿ ಬೆಳೆಯಲು ಬಂದರು. ಜಮೀನನ್ನು ವರ್ಷಕ್ಕೆ ಇಷ್ಟೆಂದು ಕೇರಳದ ಬೆಳೆಗಾರನಿಗೆ ಗುತ್ತಿಗೆ ಕೊಟ್ಟು, ಒಟ್ಟಿಗೆ ಹಣ ಪಡೆದು, ಅದೇ ಜಮೀನಿನಲ್ಲಿ ದಿನಗೂಲಿಗೆ ಇಳಿದ ರೈತರುಂಟು. 1974ರ ಕಾನೂನು ಬಡ ಗೇಣಿದಾರನನ್ನು ಕಾಯಲು ಬಂದದ್ದು. ಇಲ್ಲಿ ಗೇಣಿಗೆ ಹಿಡಿದವನೇ ಹಣವಂತ, ಕಾಯಬೇಕಾದದ್ದು ಪಹಣಿಯಲ್ಲಿ ಹೆಸರಿರುವವನನ್ನು. ಒಪ್ಪಂದ ಬಾಯಿಮಾತಿನದು. ಬೆಲೆ ಬಿದ್ದರೆ ಬೆಳೆಗಾರ ಬೇರೆ ತಾಲ್ಲೂಕು ನೋಡಿಕೊಳ್ಳುತ್ತಾನೆ. ಔಷಧಿ ಸುರಿದ ಮಣ್ಣು ಮಾತ್ರ ಮಾಲೀಕನಿಗೆ.

ಚೆಂಡುಹೂವಿನ ವ್ಯವಹಾರ ಇದಕ್ಕಿಂತ ಶಿಸ್ತಿನದು. ಕಂಪನಿ ಬೀಜ ಕೊಡುತ್ತದೆ, ದರವನ್ನು ಮೊದಲೇ ಹೇಳುತ್ತದೆ, ಹೂವನ್ನು ಕೊಳ್ಳುತ್ತದೆ. ಅದರಿಂದ ತೆಗೆದ ಬಣ್ಣ ಕೋಳಿ ಆಹಾರಕ್ಕೂ ಹೋಗುತ್ತದೆ. ಮಳೆಗಾಲದಲ್ಲಿ ಹೆದ್ದಾರಿಯ ಪಕ್ಕ ಫೋಟೊ ತೆಗೆಸಿಕೊಳ್ಳುವವರಿಗೆ ಕಾಣದ ಸಂಗತಿ ಒಂದಿದೆ: ಒಪ್ಪಂದ ಇರುವುದು ಕಂಪನಿಗೂ ರೈತನಿಗೂ ಮಾತ್ರ. ಹೂ ಬಿಡಿಸುವ ಹೆಂಗಸರು ಅದರಲ್ಲಿ ಎಲ್ಲೂ ಇಲ್ಲ. ಬಂಡೀಪುರದ ಸುತ್ತಲಿನ ರೆಸಾರ್ಟ್‌ಗಳ ಕೆಲಸದ್ದೂ ಹೆಚ್ಚುಕಡಿಮೆ ಇದೇ ಪಾಡು. ಸೀಸನ್ ಇದ್ದಾಗ ಕರೆ, ಇಲ್ಲದಾಗ ಮನೆ.

ದುಡಿಸಿಕೊಂಡೂ ದುಡಿಯುವವರನ್ನು ಲೆಕ್ಕಕ್ಕೆ ಹಿಡಿಯದ ಈ ಹಾದಿಗೆ ಸರ್ಕಾರವೂ ಬಿತ್ತು. ನೆರೆಯ ಟಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದಂದಿನಿಂದ ಅಂಗನವಾಡಿ ಕಾರ್ಯಕರ್ತೆ ಪಡೆಯುತ್ತಿರುವುದು ಗೌರವಧನ, ಸಂಬಳವಲ್ಲ. ಆಕೆಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗಿ ಕಚೇರಿಗಳೆಲ್ಲ ಬಂದವು. ಆದರೆ ಕಂಪ್ಯೂಟರ್ ಮುಂದಿನವರು, ಚಾಲಕರು, ಸ್ವಚ್ಛತೆಯವರು ಬರಬರುತ್ತ ಹೊರಗುತ್ತಿಗೆಯವರಾದರು. ದುಡಿಯುವುದು ಇಲಾಖೆಗೆ, ಸಂಬಳ ಏಜೆನ್ಸಿಯಿಂದ. ಪಿಎಫ್ ಕಟ್ಟಿಲ್ಲವೆಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. 2025ರವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಏಜೆನ್ಸಿ ತಪ್ಪಿದರೆ ಮೂಲ ಮಾಲೀಕನೇ ಕೂಲಿ ಕೊಡಬೇಕೆಂದಿದ್ದರೂ ಕೇಳುವ ಧೈರ್ಯ ಮಾಡಿದವರ ನವೀಕರಣವೇ ಮೊದಲು ನಿಲ್ಲುತ್ತಿತ್ತು.

2008ರಲ್ಲಿ ಉದ್ಯೋಗ ಖಾತ್ರಿ ಈ ಜಿಲ್ಲೆಗೆ ಬಂದದ್ದನ್ನು ಲಘುವಾಗಿ ಕಾಣುವವರಿದ್ದಾರೆ. ನಾನು ಹಾಗೆ ನೋಡಲಾರೆ. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ, ಅದೂ ಅವಳದೇ ಖಾತೆಗೆ, ಯಾರ ಮುಂಗಡದ ಹಂಗೂ ಇಲ್ಲದೆ. ಪಾವತಿ ತಿಂಗಳುಗಟ್ಟಲೆ ತಡವಾದಾಗ ಮಾತ್ರ ಜನ ಮತ್ತೆ ಮೇಸ್ತ್ರಿಯ ಕಡೆ ತಿರುಗಿದರು.

ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ ಹಂಚುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಮಾಡಿತು: ಪ್ರತಿ ವಹಿವಾಟಿನಿಂದ ಒಂದು ಪಾಲು ಅವರ ಕಲ್ಯಾಣ ನಿಧಿಗೆ. ಆ್ಯಪ್‌ನಲ್ಲಿ ಪ್ರತಿ ಸವಾರಿಯ ದಾಖಲೆ ಇರುವುದರಿಂದ ಅದು ಸಾಧ್ಯ. ಗುಂಡ್ಲುಪೇಟೆಯಿಂದ ಬೆಳಗಿನ ಜೀಪಿನಲ್ಲಿ ಗಡಿ ದಾಟುವ ಕೂಲಿಯವರ ದಾಖಲೆ ಇರುವುದು ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿ. ಅದರಲ್ಲಿ ಬರೆದದ್ದು ಅವರು ದುಡಿದ ದಿನಗಳಿಗಿಂತ ಹೆಚ್ಚಾಗಿ ಅವರು ತೀರಿಸಬೇಕಾದ ಬಾಕಿ.