ನೋವು ಮತ್ತು ಭೇದಿ: ಒಂದು ಚೀನೀ ಔಷಧಯೋಗದ ಚರಿತ್ರೆ

ಚೀನಾದೇಶದ ಝೆಜಿಯಾಂಗ್ ಪ್ರಾಂತ್ಯದ ಯಿವು ಎಂಬಲ್ಲಿ 1281ರಲ್ಲಿ ಜನಿಸಿದ ಜು ಜೆನ್‌ಹೆಂಗನು ವೈದ್ಯನಾಗಬೇಕೆಂದು ಹೊರಟವನಲ್ಲ. ಅವನಿಗೆ ಮೂವತ್ತು ವರ್ಷವಾಗಿದ್ದಾಗ ತಾಯಿಯನ್ನು ಹೊಟ್ಟೆನೋವು ಕಾಡಿತು. ಬಂದ ವೈದ್ಯರೆಲ್ಲರೂ ಕೈಚೆಲ್ಲಿದರು. ಆಗ ಅವನು ತಾನೇ ಪ್ರಾಚೀನ ವೈದ್ಯಗ್ರಂಥಗಳನ್ನು ಓದಲಾರಂಭಿಸಿ, ಐದು ವರ್ಷಗಳ ವ್ಯಾಸಂಗದ ತರುವಾಯ ತನ್ನ ಔಷಧಿಯಿಂದ ತಾಯಿಯನ್ನು ಗುಣಪಡಿಸಿದನು. ಈ ಸಂಗತಿಯನ್ನು ಅವನೇ ತನ್ನ ‘ಗೆಝಿ ಯುಲುನ್’ ಎಂಬ ಗ್ರಂಥದ ಮುನ್ನುಡಿಯಲ್ಲಿ ಹೇಳಿಕೊಂಡಿರುವನು. ಮುಂದೆ ‘ದಾನ್‌ಶಿ’ ಎಂಬ ಹೆಸರಿನಿಂದ ಪ್ರಖ್ಯಾತನಾಗಿ 1358ರಲ್ಲಿ ತೀರಿಕೊಂಡ ಈತನ ಪರಂಪರೆಗೆ ಸೇರಿದ ಒಂದು ಸಣ್ಣ ಔಷಧಯೋಗದ ಚರಿತ್ರೆಯೇ ಪ್ರಸ್ತುತ ಲೇಖನದ ವಿಷಯ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ಪಾಂಡಿತ್ಯವೊಂದೇ ಕಾರಣವಲ್ಲ. ಲೆಕ್ಕಪರಿಶೋಧನೆಯ ದಿನಗಳಲ್ಲಿ ಬೆಳಗಾಗುತ್ತಲೇ ಹೊಟ್ಟೆ ಹಿಂಡಿ, ಎರಡು ಮೂರು ಬಾರಿ ಶೌಚಕ್ಕೆ ಹೋಗಿಬಂದ ಮೇಲೆ ಶಮನವಾಗುವ ಬಾಧೆ ನನಗೂ ಬಹುಕಾಲದಿಂದ ಉಂಟು. ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದು. ಇಂದಿನ ವೈದ್ಯರು ಇದನ್ನು ‘ಇರಿಟಬಲ್ ಬವೆಲ್ ಸಿಂಡ್ರೋಮ್’ ಎನ್ನುತ್ತಾರೆ; ಕೆರಳುವ ಕರುಳಿನ ಬೇನೆ ಎಂದು ನಾವು ಕರೆಯಬಹುದು. ಈ ಹೆಸರು ಬಳಕೆಗೆ ಬಂದುದು 1940ರ ದಶಕದಲ್ಲಿ. 2016ರ ನಾಲ್ಕನೆಯ ರೋಮ್ ನಿಯಮಾವಳಿಯ ಪ್ರಕಾರ, ಮೂರು ತಿಂಗಳ ಕಾಲ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವಿದ್ದು, ಅದು ಮಲವಿಸರ್ಜನೆಯೊಡನೆ ಅಥವಾ ಮಲದ ಸಂಖ್ಯೆ, ಸ್ವರೂಪಗಳ ವ್ಯತ್ಯಾಸದೊಡನೆ ಹೊಂದಿಕೊಂಡಿರಬೇಕು. ಈ ಬೇನೆಗೆ ಚೀನೀ ವೈದ್ಯದಲ್ಲಿ ಏಳುನೂರು ವರ್ಷಗಳ ಮದ್ದಿದೆ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ?

ಮೊದಲು ಯೋಗವನ್ನು ನೋಡೋಣ. ಜು ದಾನ್‌ಶಿಯ ಬೋಧನೆಗಳನ್ನು ಶಿಷ್ಯಪರಂಪರೆಯವರು ಸಂಗ್ರಹಿಸಿದ ‘ದಾನ್‌ಶಿ ಶಿನ್‌ಫಾ’ ಎಂಬ ಗ್ರಂಥವು 1481ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ನೋವಿನಿಂದ ಕೂಡಿದ ಭೇದಿಗೆ ನಾಲ್ಕೇ ವಸ್ತುಗಳ ಒಂದು ಮದ್ದು ಇದೆ: ಹುರಿದ ‘ಬಾಯ್ ಜು’ ಎಂಬ ಗೆಡ್ಡೆ ಮೂರು ಲಿಯಾಂಗ್, ಹುರಿದ ಬಿಳಿಯ ಪಿಯೊನಿ ಬೇರು ಎರಡು, ಹುರಿದ ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ ಒಂದೂವರೆ, ‘ಫಾಂಗ್ ಫೆಂಗ್’ ಎಂಬ ಬೇರು ಒಂದು. ಇದಕ್ಕೆ ‘ತುಂಗ್ ಶಿಯೆ ಯಾವ್ ಫಾಂಗ್’, ಎಂದರೆ ನೋವು-ಭೇದಿಗಳ ಮುಖ್ಯ ಯೋಗ, ಎಂಬ ಹೆಸರು ತರುವಾಯ ನಿಂತಿತು.

ಈ ನಾಲ್ಕು ವಸ್ತುಗಳನ್ನು ಹೀಗೆಯೇ ಏಕೆ ಕೂಡಿಸಬೇಕು ಎಂಬುದಕ್ಕೆ ವಿವರಣೆಯನ್ನು ಕೊಟ್ಟವನು ‘ಯಿ ಫಾಂಗ್ ಕಾವ್’ (1584) ಗ್ರಂಥದ ಕರ್ತೃವಾದ ವು ಕುನ್. ಅವನ ಮತದಲ್ಲಿ ಭೇದಿಗೆ ಹೊಣೆ ಪ್ಲೀಹ, ನೋವಿಗೆ ಹೊಣೆ ಯಕೃತ್ತು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇವು ಶವಚ್ಛೇದನದಲ್ಲಿ ಕಾಣುವ ಅಂಗಗಳಲ್ಲ. ಚೀನೀ ವೈದ್ಯದಲ್ಲಿ ಯಕೃತ್ತು ವೃಕ್ಷತತ್ತ್ವದ್ದು. ದೇಹದಲ್ಲಿ ಪ್ರಾಣಶಕ್ತಿಯ ಸುಗಮ ಸಂಚಾರಕ್ಕೂ ಕೋಪಕ್ಕೂ ಅದೇ ನೆಲೆ. ಪ್ಲೀಹ ಭೂತತ್ತ್ವದ್ದು; ಅನ್ನವನ್ನು ಸತ್ತ್ವವಾಗಿ ಮಾರ್ಪಡಿಸುವುದು ಅದರ ಕೆಲಸ. ವೃಕ್ಷವು ಬಲಿತು ಭೂಮಿಯ ಮೇಲೆ ಏರಿಹೋದರೆ ನೋವೂ ಭೇದಿಯೂ ಒಟ್ಟಿಗೆ ಕಾಣಿಸುವುವು. ಆದುದರಿಂದ ಬಾಯ್ ಜು ಪ್ಲೀಹಕ್ಕೆ ಬಲವನ್ನೂ, ಪಿಯೊನಿ ಯಕೃತ್ತಿಗೆ ಶಾಂತಿಯನ್ನೂ ಕೊಡತಕ್ಕವು; ಉಳಿದೆರಡು ಅವುಗಳಿಗೆ ಸಹಾಯಕ.

ಸುಮಾರು 1624ರ ‘ಜಿಂಗ್‌ಯುಯೆ ಛುವಾನ್‌ಶು’ ಗ್ರಂಥದಲ್ಲಿ ಜಾಂಗ್ ಜಿಯೆಬಿನ್‌ನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಪ ಬಂದೊಡನೆ ಭೇದಿಯಾಗುವವರು ಮೊದಲು ಕೋಪದೊಡನೆಯೇ ಅನ್ನವನ್ನು ಉಂಡು ಪ್ಲೀಹ-ಜಠರಗಳನ್ನು ಕೆಡಿಸಿಕೊಂಡವರೆಂದು ಹೇಳುತ್ತಾನೆ. ನಮ್ಮ ಚರಕಸಂಹಿತೆಯೂ ಅತಿಸಾರದ ಆರು ಬಗೆಗಳಲ್ಲಿ ಭಯದಿಂದ ಆಗುವುದನ್ನೂ ಶೋಕದಿಂದ ಆಗುವುದನ್ನೂ ಬೇರೆಯಾಗಿ ಎಣಿಸಿದೆ. ಒಂದು ಇನ್ನೊಂದರಿಂದ ಎರವಲು ಪಡೆಯಿತೆಂದು ಇದರಿಂದ ಸಿದ್ಧವಾಗದು; ಎರಡು ದೇಶಗಳ ವೈದ್ಯರೂ ರೋಗಿಯ ಮನಸ್ಸನ್ನು ಅವನ ಹೊಟ್ಟೆಯಿಂದ ಬೇರ್ಪಡಿಸಲಿಲ್ಲವೆಂಬುದು ಮಾತ್ರ ಸ್ಪಷ್ಟ.

ಆದರೆ ಇವರಾರೂ ಕೆರಳುವ ಕರುಳಿನ ಬೇನೆಗೆ ಮದ್ದು ಬರೆದವರಲ್ಲ. ಅವರ ‘ನೋವಿನ ಭೇದಿ’ಯಲ್ಲಿ ಇಂದು ನಾವು ಬೇರೆ ಬೇರೆಯೆಂದು ತಿಳಿದಿರುವ ಅನೇಕ ರೋಗಗಳು ಅಡಗಿದ್ದಿರಬಹುದು. ಹೊಸ ಹೆಸರಿಗೂ ಹಳೆಯ ಯೋಗಕ್ಕೂ ಗಂಟು ಬಿದ್ದುದು ಇಪ್ಪತ್ತನೆಯ ಶತಮಾನದಲ್ಲಿ. 1956ರಲ್ಲಿ ಚೀನಾ ಸರ್ಕಾರವು ಬೀಜಿಂಗ್, ಶಾಂಘಾಯ್, ಗುವಾಂಗ್‌ಝೌ, ಚೆಂಗ್ದು ನಗರಗಳಲ್ಲಿ ದೇಶೀಯ ವೈದ್ಯದ ಕಾಲೇಜುಗಳನ್ನು ಸ್ಥಾಪಿಸಿತು. ಅವುಗಳ ಪಠ್ಯಪುಸ್ತಕಗಳ ಮೂಲಕ, ರೋಗಿಯ ಲಕ್ಷಣಸಮೂಹವನ್ನು ಗುರುತಿಸಿ ಅದಕ್ಕೆ ತಕ್ಕ ಚಿಕಿತ್ಸೆಯನ್ನು ಮಾಡುವ ಪದ್ಧತಿಯು ಇಡಿಯ ಶಾಸ್ತ್ರದ ಬೆನ್ನೆಲುಬಾಗಿ ನಿಂತಿತು. ಪಾಶ್ಚಾತ್ಯರ ಒಂದೇ ಬೇನೆಯು ಇಲ್ಲಿ ಯಕೃತ್-ಪ್ಲೀಹ ವೈಷಮ್ಯ, ಪ್ಲೀಹದೌರ್ಬಲ್ಯ ಮೊದಲಾದ ಹಲವು ಬಗೆಗಳಾಗಿ ಒಡೆಯಿತು, ಬಗೆಗೊಂದು ಕಷಾಯ. ಮಂಡಿಯ ಕೆಳಗಿನ ಝುಸಾನ್‌ಲಿ, ಹೊಕ್ಕುಳಿನ ಪಕ್ಕದ ತಿಯಾನ್‌ಶು ಮೊದಲಾದ ಸ್ಥಾನಗಳಲ್ಲಿ ಸೂಜಿ ಚುಚ್ಚುವ ಚಿಕಿತ್ಸೆಯೂ ಜೊತೆಗೂಡಿತು.

ಇನ್ನು ಪರೀಕ್ಷೆಯ ಮಾತು. ಆಸ್ಟ್ರೇಲಿಯಾದಲ್ಲಿ 116 ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಲ್ಲರಿಗೂ ಒಂದೇ ಚೀನೀ ಮದ್ದು, ಇನ್ನೊಂದಕ್ಕೆ ಪ್ರತಿಯೊಬ್ಬರನ್ನೂ ನೋಡಿ ಬೇರೆ ಬೇರೆಯಾಗಿ ಬೆರಸಿದ ಮದ್ದು, ಮೂರನೆಯದಕ್ಕೆ ಗುಣವಿಲ್ಲದ ಹುಸಿಮದ್ದು. ಹದಿನಾರು ವಾರಗಳ ಕೊನೆಗೆ ಮೊದಲೆರಡು ಗುಂಪುಗಳೂ ಮೂರನೆಯದಕ್ಕಿಂತ ಸುಧಾರಿಸಿದ್ದುವು. ಚಿಕಿತ್ಸೆ ನಿಂತು ಹದಿನಾಲ್ಕು ವಾರಗಳಾದ ಮೇಲೆ ಸುಧಾರಣೆಯು ಉಳಿದುದು ಪ್ರತ್ಯೇಕವಾಗಿ ಬೆರಸಿದ ಮದ್ದನ್ನು ಪಡೆದವರಲ್ಲಿ ಮಾತ್ರ. ಆದರೆ ಹಾಂಗ್‌ಕಾಂಗಿನಲ್ಲಿ ಭೇದಿ ಪ್ರಧಾನವಾದ 119 ರೋಗಿಗಳಿಗೆ ಹನ್ನೊಂದು ಮೂಲಿಕೆಗಳ ಒಂದೇ ಸಿದ್ಧಮದ್ದನ್ನು ಕೊಟ್ಟು ನೋಡಿದಾಗ, ಅದು ಹುಸಿಮದ್ದಿಗಿಂತ ಮೇಲಾಗಲಿಲ್ಲವೆಂದು 2006ರಲ್ಲಿ ತಿಳಿದುಬಂದಿತು. ಸೂಜಿಚಿಕಿತ್ಸೆಯ 17 ಪ್ರಯೋಗಗಳನ್ನು ಪರಿಶೀಲಿಸಿದ 2012ರ ಕಾಕ್ರನ್ ಸಮೀಕ್ಷೆಯು, ನಿಜವಾದ ಸೂಜಿಗೂ ಹುಸಿಸೂಜಿಗೂ ವ್ಯತ್ಯಾಸವನ್ನು ಕಾಣಲಿಲ್ಲ.

ಇದರಿಂದ ಏನನ್ನು ತಿಳಿಯಬೇಕು? ಬ್ಯಾಂಕಿನಲ್ಲಿ ಖಾತೆಯು ಹಳೆಯದೆಂಬುದಕ್ಕೂ ಅದರಲ್ಲಿ ಹಣವಿದೆಯೆಂಬುದಕ್ಕೂ ಸಂಬಂಧವಿಲ್ಲ. ಶಿಲ್ಕನ್ನು ಬೇರೆಯಾಗಿಯೇ ನೋಡಬೇಕು. ಯೋಗವು ಹಳೆಯದು, ಈ ಬೇನೆಗೆ ಅದನ್ನು ಹೊಂದಿಸಿದ ಲೆಕ್ಕ ಹೊಸದು, ಇನ್ನೂ ಮುಗಿಯದುದು. ಪ್ರಾಚೀನತೆಯನ್ನೇ ಪ್ರಮಾಣವೆನ್ನುವವರು ನಮ್ಮ ಆಯುರ್ವೇದಕ್ಕೆ ಮಾಡುವ ಅಪಚಾರವನ್ನೇ ಚೀನೀ ವೈದ್ಯಕ್ಕೂ ಮಾಡುತ್ತಿರುವರು. ಹೆಸರನ್ನು ನಂಬಿ ಮೂಲಿಕೆ ಕೊಳ್ಳುವುದರಲ್ಲಿ ಅಪಾಯವೂ ಉಂಟು. ಬೆಲ್ಜಿಯಂನಲ್ಲಿ ‘ಫಾಂಗ್ ಜಿ’ ಎಂಬ ಮೂಲಿಕೆಗೆ ಬದಲಾಗಿ ಹೆಸರಿನಲ್ಲಿ ಅದನ್ನು ಹೋಲುವ ಬೇರೊಂದು ವಿಷಮೂಲಿಕೆಯು ತೂಕ ಇಳಿಸುವ ಗುಳಿಗೆಗಳಲ್ಲಿ ಸೇರಿ, ಅನೇಕ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುದು 1993ರಲ್ಲಿ ಬೆಳಕಿಗೆ ಬಂದಿತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕದ ಇಳಿತ, ರಕ್ತಹೀನತೆ, ಇವುಗಳಲ್ಲಿ ಯಾವುದು ಕಂಡರೂ ಕಷಾಯವನ್ನು ಹುಡುಕದೆ ತಜ್ಞವೈದ್ಯರಲ್ಲಿಗೆ ಹೋಗತಕ್ಕುದು.

ಹಾಗಾದರೆ ಆ ಪರಂಪರೆಯಿಂದ ನಮಗೆ ದಕ್ಕುವುದು ಏನೂ ಇಲ್ಲವೆ? ಇದೆಯೆಂದೇ ನನ್ನ ಭಾವನೆ. ಪರೀಕ್ಷೆಗಳೆಲ್ಲ ನಿರ್ದೋಷವೆಂದು ಕಾಗದವನ್ನು ಮಡಿಸಿಟ್ಟ ವೈದ್ಯರು ‘ನಿಮಗೇನೂ ಇಲ್ಲ’ ಎಂದು ನನ್ನನ್ನು ಕಳುಹಿಸಿದ್ದುಂಟು. ಉಣ್ಣುವಾಗ ಮನಸ್ಸು ಹೇಗಿತ್ತು ಎಂದು ಅವರು ಕೇಳಲಿಲ್ಲ. ನಾಲ್ಕು ನೂರು ವರ್ಷಗಳ ಹಿಂದೆ ಜಾಂಗ್ ಜಿಯೆಬಿನ್‌ನಾದರೆ ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಿದ್ದನು. ಕಷಾಯದ ಬೆಲೆಯನ್ನು ಪ್ರಯೋಗಶಾಲೆಗಳು ಕಟ್ಟಲಿ. ಆ ಪ್ರಶ್ನೆಯನ್ನು ಮಾತ್ರ ಯಾವ ಪದ್ಧತಿಯ ವೈದ್ಯರೂ ಇಂದೇ ಎರವಲು ಪಡೆಯಬಹುದು.