ಮೈಸೂರಿನ ವಾರ್ಡು ಆಡಳಿತ ಮತ್ತು ಅದಕ್ಕೆ ಸಂದ ಮನ್ನಣೆ

ಮೈಸೂರು ನಗರದ ಆಡಳಿತವನ್ನು ವಾರ್ಡು, ಮೊಹಲ್ಲಾ, ಬಡಾವಣೆಗಳ ಮಟ್ಟಕ್ಕೆ ಇಳಿಸಲು ನಡೆದ ಯತ್ನಗಳು ಹಾಗೂ ನಗರಾಡಳಿತಕ್ಕೆ ಕಾಲಕಾಲಕ್ಕೆ ದೊರೆತ ಶ್ರೇಯಾಂಕ, ಪ್ರಶಸ್ತಿಗಳ ಇತಿಹಾಸ. ಮೈಸೂರಿಗೆ ದೇಶಮಟ್ಟದ ಹೆಸರು ಬಂದದ್ದು 2010ರಿಂದೀಚೆಗೆ, ಬಹುಪಾಲು ಸ್ವಚ್ಛತೆಯ ಹೆಸರಿನಲ್ಲಿ. ಆ ಸ್ವಚ್ಛತೆಯನ್ನು ಸಾಧ್ಯವಾಗಿಸಿದ ವಾರ್ಡು ಮಟ್ಟದ ವ್ಯವಸ್ಥೆಗೆ ಮಾತ್ರ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಆಳುವವರ ಮುಂದೆ ಊರಿನವರು ಕೂತು ಮಾತನಾಡುವ ಪದ್ಧತಿಗೆ ಮೈಸೂರಿನಲ್ಲಿ ಹಳೆಯ ಬೇರಿದೆ. ದಿವಾನ್ ರಂಗಾಚಾರ್ಲು 1881ರ ದಸರೆಯ ಸಮಯದಲ್ಲಿ 144 ಮಂದಿಯನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಇಲ್ಲಿಯೇ ಆರಂಭಿಸಿದರು. ಬಂದವರು ಹೆಚ್ಚಾಗಿ ಜಮೀನುದಾರರು ಮತ್ತು ವರ್ತಕರು. ಅಹವಾಲು ಹೇಳಿಕೊಳ್ಳಲು ಅವರಿಗೆ ಅವಕಾಶವಿತ್ತು, ತೀರ್ಮಾನ ಕೈಗೊಳ್ಳುವ ಅಧಿಕಾರವಿರಲಿಲ್ಲ. ಸದಸ್ಯರನ್ನು ಚುನಾಯಿಸುವ ಪದ್ಧತಿ 1891ರಲ್ಲಿ ಬಂತು. ದೊಡ್ಡ ಗಡಿಯಾರದ ಎದುರಿನ ಪುರಭವನ ಇಂದಿಗೂ ರಂಗಾಚಾರ್ಲು ಅವರ ಹೆಸರನ್ನು ಹೊತ್ತಿದೆ.

ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಕಾಲದಿಂದಲೇ ಊರಿಗೊಂದು ಪುರಸಭಾ ಸಮಿತಿ ಇತ್ತು. 1888ರಲ್ಲಿ ಅದು 8 ವಾರ್ಡುಗಳ ಪುರಸಭೆಯಾಗಿ ರೂಪುಗೊಂಡಿತು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಬಂದ ಪ್ಲೇಗು ಇಕ್ಕಟ್ಟಾದ ಹಳೆಯ ಊರನ್ನು ಕಂಗೆಡಿಸಿತು. ಅದರ ಬೆನ್ನಿಗೇ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಜನ ಇದನ್ನು ಟ್ರಸ್ಟ್ ಬೋರ್ಡ್ ಎಂದೇ ಕರೆದರು. ಏಷ್ಯಾದಲ್ಲಿ ಯೋಜನಾಬದ್ಧವಾಗಿ ಬೆಳೆದ ಮೊದಲ ನಗರಗಳಲ್ಲಿ ಮೈಸೂರೂ ಒಂದು ಎಂಬ ಕೀರ್ತಿ ಈ ಮಂಡಳಿಯ ಕೆಲಸದಿಂದ ಬಂದದ್ದು. ಅಗಲವಾದ ರಸ್ತೆಗಳು, ಬಡಾವಣೆಗೊಂದು ಉದ್ಯಾನ, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳು ಹಳೆಯ ಬಡಾವಣೆಗಳಲ್ಲಿ ಈಗಲೂ ಕಾಣುತ್ತವೆ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಊರಿನ ಅಂದಚೆಂದಕ್ಕೆ ವಿಶೇಷ ಗಮನ ಕೊಟ್ಟರು.

ಈ ಸಾಧನೆಯ ಜೊತೆಯಲ್ಲೇ ಒಂದು ಒಡಕೂ ಹುಟ್ಟಿಕೊಂಡಿತು. ಊರನ್ನು ಬೆಳೆಸುವ ಹೊಣೆ ನೇಮಕಗೊಂಡ ಮಂಡಳಿಯದು, ಬೆಳೆದ ಊರನ್ನು ದಿನನಿತ್ಯ ನೋಡಿಕೊಳ್ಳುವ ಹೊಣೆ ಪುರಸಭೆಯದು. 1988ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ, ಬಂದ ಮೇಲೂ ಒಡಕು ಹಾಗೆಯೇ ಉಳಿಯಿತು. ಹೊಸ ಬಡಾವಣೆಯ ನಿವಾಸಿ ಚರಂಡಿಗೋ ಬೀದಿದೀಪಕ್ಕೋ ಯಾರನ್ನು ಕೇಳಬೇಕೆಂದು ತಿಳಿಯದೆ ಎರಡು ಕಚೇರಿಗಳ ನಡುವೆ ಅಲೆಯುವುದಕ್ಕೆ ಕಾರಣ ಇಲ್ಲಿದೆ.

ಪುರಸಭೆ 1977ರಲ್ಲಿ ಮಹಾನಗರಪಾಲಿಕೆಯಾಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಹಾಗೂ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳು ಇರಬೇಕೆಂದು ಹೇಳಿತು. ಮೈಸೂರು ಈ ಲೆಕ್ಕಕ್ಕೆ ಧಾರಾಳವಾಗಿ ಬರುತ್ತದೆ. ಮುಂದೆ ಪಾಲಿಕೆಯ ವಾರ್ಡುಗಳು 65ಕ್ಕೆ ಏರಿದವು. ಮೇಯರ್ ಅವಧಿ ಮಾತ್ರ ಒಂದೇ ವರ್ಷ. ಕಡತಗಳನ್ನು ಅರಿತುಕೊಳ್ಳುವಷ್ಟರಲ್ಲಿ ಕುರ್ಚಿ ಬಿಡುವ ಹೊತ್ತು ಬಂದಿರುತ್ತದೆ.

ಹೊರಗಿನಿಂದ ಬಂದ ಮೊದಲ ದೊಡ್ಡ ಮನ್ನಣೆ 2010ರದು. ರಾಷ್ಟ್ರೀಯ ನಗರ ನೈರ್ಮಲ್ಯ ನೀತಿಯಡಿ ಕೇಂದ್ರ ಸರ್ಕಾರ 423 ನಗರಗಳನ್ನು ಅಳೆದಾಗ ಚಂಡೀಗಢ ಮೊದಲನೆಯದು, ಮೈಸೂರು ಎರಡನೆಯದು. 2015ರ ಆಗಸ್ಟ್‌ನಲ್ಲಿ 476 ನಗರಗಳ ಸ್ವಚ್ಛ ಭಾರತ ಶ್ರೇಯಾಂಕದಲ್ಲಿ ಮೈಸೂರು ಅಗ್ರಸ್ಥಾನಕ್ಕೇರಿತು; ಹಾಸನ, ಮಂಡ್ಯ, ಬೆಂಗಳೂರು ಕೂಡ ಮೊದಲ ಹತ್ತರೊಳಗಿದ್ದವು. 2016ರಲ್ಲಿ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮತ್ತೆ ಮೊದಲ ಸ್ಥಾನ. 2017ರಲ್ಲಿ 5ನೇ ಸ್ಥಾನಕ್ಕೆ ಇಳಿದ ನಗರ 2019ರಲ್ಲಿ 3ಕ್ಕೆ ಬಂತು. 2020ರ ಮೇ ತಿಂಗಳಲ್ಲಿ ಕಸಮುಕ್ತ ನಗರಗಳೆಂದು 5 ತಾರೆಗಳ ಮಾನ್ಯತೆ ಪಡೆದ ಆರು ನಗರಗಳಲ್ಲಿ ಮೈಸೂರೂ ಸೇರಿತ್ತು.

ಶ್ರೇಯಾಂಕದ ಪಟ್ಟಿಯಲ್ಲಿ ಇಡೀ ನಗರಕ್ಕೆ ಒಂದೇ ಅಂಕ. ಕೆಲಸ ನಡೆದದ್ದು ಕುಂಬಾರಕೊಪ್ಪಲಿನಂಥ ಕಡೆ. ನಗರಪಾಲಿಕೆ ಜಾಗ ಮತ್ತು ಶೆಡ್ಡು ಒದಗಿಸಿತು. ವಾರ್ಡು ಪಾರ್ಲಿಮೆಂಟ್ ಎಂಬ ನಾಗರಿಕರ ಒಕ್ಕೂಟ ಅಲ್ಲಿನ ಶೂನ್ಯ ತ್ಯಾಜ್ಯ ಘಟಕವನ್ನು ನಡೆಸುವ ಹೊಣೆ ಹೊತ್ತಿತು. ಬೆಳಗ್ಗೆ ಸೀಟಿ ಊದುತ್ತ ತಳ್ಳುಗಾಡಿಗಳು ಮನೆಮನೆಗೆ ಬರುತ್ತವೆ. ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ಘಟಕ ಸೇರುತ್ತವೆ. ಹಸಿ ಕಸ ಗೊಬ್ಬರವಾಗಿ ರೈತರಿಗೆ ಹೋಗುತ್ತದೆ. ಒಣ ಕಸದಲ್ಲಿ ಹಾಲಿನ ಕವರು, ರಟ್ಟು, ಗಾಜು, ಹಳೆಯ ಚಪ್ಪಲಿ ಎಲ್ಲವನ್ನೂ ಪ್ರತ್ಯೇಕಿಸಿ ಗುಜರಿಗೆ ಮಾರುತ್ತಾರೆ. ಮಾರಿ ಬಂದ ಹಣ ಘಟಕದ ಖರ್ಚಿಗೂ ದುಡಿಯುವವರ ಕೂಲಿಗೂ ಒದಗುತ್ತದೆ. ಕಸ ಬೇರ್ಪಡಿಸಿ ಕೊಡದ ಮನೆಯವರಿಗೆ ತಿಳಿಹೇಳುವವರು ಅದೇ ಬೀದಿಗಳಲ್ಲಿ ದಿನವೂ ಓಡಾಡುವ ಹೆಂಗಸರು. ದೂರದ ಅಧಿಕಾರಿಯ ನೋಟಿಸಿಗಿಂತ ಆ ಮಾತು ಹೆಚ್ಚು ನಾಟುತ್ತದೆ. ವಿಕೇಂದ್ರೀಕರಣ ಮೈಸೂರಿನಲ್ಲಿ ಕಣ್ಣಿಗೆ ಕಾಣುವಂತೆ ನೆಲಕ್ಕಿಳಿದದ್ದು ಇಂಥ ಘಟಕಗಳಲ್ಲಿ. ಇದನ್ನು ಸರಿಯಾಗಿ ಗುರುತಿಸಿದ್ದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ. 2016ರಲ್ಲಿ ಅದು ಕಸ ನಿರ್ವಹಣೆಯ ಬಗ್ಗೆ ದೇಶದ ನಗರಗಳನ್ನು ಅಧ್ಯಯನ ಮಾಡಿದಾಗ, ಮೂಲದಲ್ಲೇ ಬೇರ್ಪಡಿಸಿ ಬಡಾವಣೆಯಲ್ಲೇ ಸಂಸ್ಕರಿಸುವುದನ್ನು ಮುಖ್ಯ ಅಳತೆಗೋಲಾಗಿ ಹಿಡಿದು ಆಲಪ್ಪುಳ, ಪಣಜಿ, ಮೈಸೂರುಗಳನ್ನು ಮೇಲಿನ ಸಾಲಿನಲ್ಲಿರಿಸಿತು.

ಚಿತ್ರ ಪೂರ್ತಿ ಹಸಿರಲ್ಲ. ಎಲ್ಲ ವಾರ್ಡುಗಳಿಗೂ ಇಂಥ ಘಟಕ ಸಿಗಲಿಲ್ಲ. ಉಳಿದ ಕಸ ಹೋದದ್ದು ವಿದ್ಯಾರಣ್ಯಪುರದ ಸೂಯೇಜ್ ಫಾರಂಗೆ. ಅಲ್ಲಿ ಗೊಬ್ಬರ ಮಾಡುವ ದೊಡ್ಡ ಘಟಕ ಇದ್ದರೂ ವರ್ಷಗಟ್ಟಲೆ ಸಂಸ್ಕರಣೆಯಾಗದ ಕಸ ಗುಡ್ಡವಾಗಿ ಬೆಳೆಯಿತು. ನಗರ ಪ್ರಶಸ್ತಿ ಪಡೆಯುತ್ತಿದ್ದ ವರ್ಷಗಳಲ್ಲೇ ಸುತ್ತಲಿನ ನಿವಾಸಿಗಳು ವಾಸನೆ, ನೊಣ, ಹೊಗೆಯನ್ನು ಸಹಿಸಿ ದೂರು ಕೊಡುತ್ತಲೇ ಇದ್ದರು. ಒಂದು ಬಡಾವಣೆಯ ಹೊರೆಯನ್ನು ಮತ್ತೊಂದರ ಮೇಲೆ ಹೇರಿ ಗಳಿಸಿದ ಅಂಕವನ್ನು ಇಡೀ ಊರಿನ ಸಾಧನೆ ಎನ್ನಲಾಗದು. ಪೌರಕಾರ್ಮಿಕರ ವಿಷಯವೂ ಹೀಗೆಯೇ. ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಆದರೂ ಗುತ್ತಿಗೆಯಲ್ಲಿ ದುಡಿಯುವ ಪೌರಕಾರ್ಮಿಕರು ಕಾಯಮಾತಿಗಾಗಿ ರಾಜ್ಯದಾದ್ಯಂತ 2022ರಲ್ಲೂ ಮುಷ್ಕರ ಹೂಡಬೇಕಾಯಿತು.

ವಾರ್ಡು ಸಮಿತಿಗಳ ಕಾನೂನು ಕಾಗದದಲ್ಲಿ ಗಟ್ಟಿಯಾಗಿದೆ. 2011ರಲ್ಲಿ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿಯಾಗಿ ಪ್ರದೇಶ ಸಭೆ, ವಾರ್ಡು ಸಮಿತಿಗಳ ವಿವರ ಸೇರಿತು. 2016ರಲ್ಲಿ ನಿಯಮಗಳು ಬಂದವು. ಪಾಲಿಕೆ ಸದಸ್ಯರ ಅಧ್ಯಕ್ಷತೆಯಲ್ಲಿ 10 ಮಂದಿ, ಅವರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿವಾಸಿಗಳ ಸಂಘದ ಪ್ರತಿನಿಧಿಗಳು ಇರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು. ಮಂಗಳೂರಿನಲ್ಲಿ ಇದು ಜೀವ ತಳೆದದ್ದು ನಾಗರಿಕರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ. ಮೈಸೂರು ಗ್ರಾಹಕರ ಪರಿಷತ್ತಿನಂಥ ಸಂಘಟನೆಗಳಿರುವ, ಪತ್ರಿಕೆಗೆ ಪತ್ರ ಬರೆಯುವ ಹಿರಿಯರಿರುವ ಊರಿನಲ್ಲಿ ಸಮಿತಿಗಳಿಗೆ ಜನರ ಕೊರತೆ ಬೀಳುವ ಮಾತೇ ಇಲ್ಲ.

ಹಳ್ಳಿಗಳ ಕಡೆ ನೋಡಿದರೆ ಮನ್ನಣೆಯ ದಾರಿ ಬೇರೆಯಾಗಿದೆ. ಕರ್ನಾಟಕ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರ ಪ್ರತಿ ತಾಲ್ಲೂಕಿನ ಒಂದು ಉತ್ತಮ ಗ್ರಾಮ ಪಂಚಾಯಿತಿಗೆ 5 ಲಕ್ಷ ರೂಪಾಯಿ ಕೊಡುತ್ತದೆ. ಬಹುಮಾನ ಕೆಳಗಿನ ಘಟಕಕ್ಕೇ ನೇರವಾಗಿ ತಲುಪುತ್ತದೆ. ಪಂಚಾಯತ್ ರಾಜ್ ಸುಧಾರಣೆಗೆ ಜೀವ ತೇದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇರುವುದು ಮೈಸೂರಿನಲ್ಲಿಯೇ. ನಗರಸಭೆ, ಪಾಲಿಕೆಗಳ ಸದಸ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡುವ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯೂ ಇಲ್ಲಿದೆ. ಸಮಿತಿ ಎಷ್ಟು ಸಲ ಸೇರಿತು, ವಾರ್ಡಿನ ಹಣ ಎಲ್ಲಿಗೆ ಹೋಯಿತೆಂದು ನಿವಾಸಿಗಳಿಗೆ ಗೊತ್ತಿದೆಯೇ, ದೂರಿಗೆ ಎಷ್ಟು ದಿನದಲ್ಲಿ ಪರಿಹಾರ ಸಿಕ್ಕಿತು ಎಂಬುದನ್ನು ಅಳೆದು ವಾರ್ಡನ್ನೇ ಪುರಸ್ಕರಿಸಲು ಇದಕ್ಕಿಂತ ಅನುಕೂಲದ ಊರು ರಾಜ್ಯದಲ್ಲಿ ಇರಲಾರದು.

ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಆಗ ಆಯ್ಕೆಯಾದವರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಆಡಳಿತ ಸರ್ಕಾರ ನೇಮಿಸಿದ ಅಧಿಕಾರಿಯ ಕೈಗೆ ಹೋಯಿತು. 2025ರ ಜುಲೈನಲ್ಲಿ ಮೈಸೂರು 3ರಿಂದ 10 ಲಕ್ಷ ಜನಸಂಖ್ಯೆಯ ನಗರಗಳ ಸಾಲಿನಲ್ಲಿ ಸೂಪರ್ ಸ್ವಚ್ಛ ಲೀಗ್ ಗೌರವಕ್ಕೆ ಪಾತ್ರವಾಯಿತು. ಅಂದು 65 ವಾರ್ಡುಗಳಲ್ಲಿ ಒಂದಕ್ಕೂ ಚುನಾಯಿತ ಸದಸ್ಯರಿರಲಿಲ್ಲ.