ಮೋಡ ಬಿತ್ತನೆಯಿಂದ ಬಿಸಿಲ ತಡೆಯವರೆಗೆ

ಹವಾಮಾನವನ್ನು ಬೇಕೆಂದೇ ಬದಲಿಸುವ ವಿದ್ಯೆಗೆ ಕರ್ನಾಟಕದ ರೈತರು ಬಲ್ಲ ಹೆಸರು ಮೋಡ ಬಿತ್ತನೆ. ಇದು ಶುರುವಾದದ್ದು 1946ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ. ಸಿಲ್ವರ್ ಅಯೋಡೈಡಿನ ಹರಳು ಮಂಜುಗಡ್ಡೆಯ ಹರಳನ್ನೇ ಹೋಲುತ್ತದೆ ಎಂಬುದನ್ನು ಬರ್ನಾರ್ಡ್ ವೊನೆಗಟ್ ಕಂಡುಕೊಂಡರು. ಸೊನ್ನೆ ಡಿಗ್ರಿಗಿಂತ ತಣ್ಣಗಾಗಿಯೂ ಹೆಪ್ಪುಗಟ್ಟದ ಹನಿಗಳು ಅದರ ಸುತ್ತ ಹರಳುಗಟ್ಟಿ, ತೂಕ ಕೂಡಿ ಕೆಳಗಿಳಿಯುತ್ತವೆ. ರಾಜಕೀಯ ಬೇಗನೆ ಬೆನ್ನುಹತ್ತಿತು. ವಿಯೆಟ್ನಾಂ ಯುದ್ಧದಲ್ಲಿ, 1967ರಿಂದ 1972ರವರೆಗೆ, ಅಮೆರಿಕದ ಸೇನೆ ಹೋ ಚಿ ಮಿನ್ ದಾರಿಯನ್ನು ಕೆಸರು ಮಾಡಲು ಗುಟ್ಟಾಗಿ ಮೋಡ ಬಿತ್ತನೆಯನ್ನೇ ಬಳಸಿತು. ಗುಟ್ಟು ಬಯಲಾದ ಮೇಲೆ, ಹವಾಮಾನವನ್ನು ಯುದ್ಧದ ಅಸ್ತ್ರ ಮಾಡಬಾರದೆಂಬ ಅಂತಾರಾಷ್ಟ್ರೀಯ ಒಪ್ಪಂದ 1978ರಲ್ಲಿ ಜಾರಿಗೆ ಬಂತು.

ಕರ್ನಾಟಕದಲ್ಲಿ ಬರದ 2003ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ‘ವರುಣ’ ಮೋಡ ಬಿತ್ತನೆ ಯೋಜನೆ ತಂದಿತು. 2017ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸರ್ಕಾರದ ‘ವರ್ಷಧಾರಿ’ ಯೋಜನೆಯ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಹಾರಿತು. ಇಂಥ ಯೋಜನೆಯ ಆಸೆ ಎಷ್ಟು ದೊಡ್ಡದೆಂದು ತಿಳಿಯಲು ಕೊಪ್ಪಳ ಜಿಲ್ಲೆಯ ಹೇಮಗುಡ್ಡದ ಸುತ್ತಲ ಸೀಮೆ ನೋಡಬೇಕು. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ. ಕುಷ್ಟಗಿ, ಯಲಬುರ್ಗಾದ ಮಸಾರಿ ಮತ್ತು ಎರೆ ಹೊಲಗಳಿಗೆ ಬಹುಮಟ್ಟಿಗೆ ಮುಗಿಲೇ ಗತಿ. ಕೂರಿಗೆಯಲ್ಲಿ ಸಜ್ಜೆ, ಹೆಸರು ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮೊಳಕೆ ಮಣ್ಣಲ್ಲೇ ಕಮರುತ್ತದೆ, ಬೀಜದ ಸಾಲ ಉಳಿಯುತ್ತದೆ. ಆದರೆ ಮೋಡವೇ ಇಲ್ಲದ ದಿನ ವಿಮಾನ ಏನೂ ಮಾಡಲಾರದು. ಮೋಡವಿದ್ದ ದಿನ ಸುರಿದದ್ದರಲ್ಲಿ ವಿಮಾನದ ಪಾಲೆಷ್ಟು ಎಂದು ಹೇಳುವುದು ಇನ್ನೂ ಕಷ್ಟ. 2017ರಲ್ಲಿ ಯೋಜನೆಯ ಬೆನ್ನಿಗೇ ಸಹಜ ಮಳೆಯೂ ಜೋರಾಗಿ ಬಂತು. ಬರಗಾಲದಲ್ಲಿ ಹಾರುವ ವಿಮಾನ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆರೆಯ ಹೂಳು ತೆಗೆಯುವ, ಬದು ಹಾಕುವ ಕೆಲಸಕ್ಕೆ ಆ ಗಮನ ಸಿಗದಿರುವುದು ನಿಜಕ್ಕೂ ನೋವಿನ ಸಂಗತಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸೊಲ್ಲಾಪುರದಲ್ಲಿ 276 ಮೋಡಗಳನ್ನು ಆರಿಸಿ, ಬಿತ್ತಿದವನ್ನೂ ಬಿತ್ತದವನ್ನೂ ಹೋಲಿಸಿ, ಗಾಳಿ ಸಾಗುವ ದಿಕ್ಕಿನ 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಸುಮಾರು 18 ಪ್ರತಿಶತ ಹೆಚ್ಚು ಮಳೆ ಗುರುತಿಸಿತು. ಇಷ್ಟು ತಾಳ್ಮೆಯ ಪ್ರಯೋಗ ಮೊದಲು ನಡೆದು ಯೋಜನೆ ಆಮೇಲೆ ಬರಬೇಕಿತ್ತು.

ಈ ನಡುವೆ ಚರ್ಚೆ ಒಂದು ತಾಲೂಕಿನ ಮೋಡದಿಂದ ಇಡೀ ಭೂಮಿಯ ಬಿಸಿಲಿಗೆ ಏರಿತು. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಕಣಗಳು ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪಾಗಿಸಿದ್ದವು. ಅದನ್ನೇ ಮನುಷ್ಯ ಮಾಡಬಹುದೇ ಎಂಬ ಪ್ರಶ್ನೆಯನ್ನು ನೊಬೆಲ್ ವಿಜ್ಞಾನಿ ಪಾಲ್ ಕ್ರುಟ್ಸನ್ 2006ರಲ್ಲಿ ಗಂಭೀರವಾಗಿ ಎತ್ತಿದರು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಗೋವಿಂದಸಾಮಿ ಬಾಲ ಮತ್ತು ಸಂಗಡಿಗರು 2008ರಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು: ಬಿಸಿಲು ತಗ್ಗಿಸಿ ತಾಪ ಸರಿದೂಗಿಸಿದರೂ ಜಗತ್ತಿನ ಒಟ್ಟು ಮಳೆ ಇಳಿಯುತ್ತದೆ. ಕಣಗಳನ್ನು ಉತ್ತರಾರ್ಧ ಗೋಳದಲ್ಲಷ್ಟೇ ಹರಡಿದರೆ ಮಳೆಪಟ್ಟಿ ದಕ್ಷಿಣಕ್ಕೆ ಸರಿದು ಭಾರತದ ಮುಂಗಾರು ಸೊರಗುತ್ತದೆಂದು ಮಾದರಿಗಳು ಹೇಳುತ್ತವೆ. ಯಲಬುರ್ಗಾದ ಹೆಸರು ಬೆಳೆ ನಿಂತಿರುವುದು ಇದೇ ಮುಂಗಾರಿನ ಮೇಲೆ.

ಭಾರತ ಬರೀ ನೋಡುತ್ತ ಕೂತಿಲ್ಲ. 2009ರಲ್ಲಿ ಜರ್ಮನಿಯ ಜತೆಗೂಡಿ ದಕ್ಷಿಣ ಸಾಗರದಲ್ಲಿ ಕಬ್ಬಿಣದ ಲವಣ ಚೆಲ್ಲಿ, ಪಾಚಿ ಬೆಳೆಸಿ ಇಂಗಾಲ ಹೀರಿಸುವ ‘ಲೋಹಾಫೆಕ್ಸ್’ ಪ್ರಯೋಗ ನಡೆಸಿತು. ಪರಿಸರ ಸಂಘಟನೆಗಳ ವಿರೋಧದಿಂದ ಜರ್ಮನ್ ಸರ್ಕಾರ ಅದನ್ನು ಕೆಲಕಾಲ ತಡೆಹಿಡಿದಿತ್ತು. ಕೊನೆಗೆ ಹೀರಿದ ಇಂಗಾಲವೂ ಅಲ್ಪವೇ. ಬಿಸಿಲು ತಗ್ಗಿಸುವ ಪ್ರಯೋಗಕ್ಕಾಗಿ ಹಾರ್ವರ್ಡ್ ತಂಡ ಸ್ವೀಡನ್ನಿನಲ್ಲಿ ಯೋಜಿಸಿದ್ದ ಬಲೂನು ಹಾರಾಟ 2021ರಲ್ಲಿ ಸಾಮಿ ಬುಡಕಟ್ಟಿನವರ ಆಕ್ಷೇಪದ ಬಳಿಕ ನಿಂತಿತು. ತಮ್ಮ ನೆತ್ತಿಯ ಮೇಲಿನ ಆಕಾಶದ ಬಗ್ಗೆ ಸ್ಥಳೀಯರು ಮಾತೆತ್ತಿ ಗೆದ್ದ ಅಪರೂಪದ ಪ್ರಸಂಗವದು. ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ 2019ರಲ್ಲೂ 2024ರಲ್ಲೂ ಹವಾಮಾನ ಬದಲಿಸುವ ಇಂಥ ತಂತ್ರಗಳ ಕುರಿತ ನಿರ್ಣಯಕ್ಕೆ ಒಮ್ಮತ ಸಿಗಲಿಲ್ಲ.